ಬಿಳಿ ಸೆರಗು ಎಂಬ ಒಂದೇ ಮಾತು: ಗಡಿನಾಡ ಬಸುರಿ-ಬಾಣಂತಿಯರ ಆರೋಗ್ಯದ ಚರಿತ್ರೆ

ಗಡಿಯಾಚೆಯ ಕನ್ನಡ ಸಮುದಾಯಗಳ ಚರಿತ್ರೆಯನ್ನು ನಾವು ಇದುವರೆಗೆ ಹೆಚ್ಚಾಗಿ ಶಾಸನ, ಶಾಲೆ, ಆಡಳಿತ ಮತ್ತು ಸಾಹಿತ್ಯಗಳ ಮೂಲಕ ಬರೆದುಕೊಂಡು ಬಂದಿದ್ದೇವೆ. ಆ ಚರಿತ್ರೆಯಲ್ಲಿ ಹೆರಿಗೆಯ ಕೋಣೆಗೆ ದೊರೆತ ಎಡೆ ಕಿರಿದು. ಬಸುರಿಯ ಮತ್ತು ಹಾಲೂಡಿಸುವ ತಾಯಿಯ ಜನನಾಂಗದ ಆರೋಗ್ಯಕ್ಕೆ ಎಡೆಯೇ ಇಲ್ಲವೆನ್ನಬಹುದು. ಇದಕ್ಕೆ ಸಂಕೋಚವೊಂದೇ ಕಾರಣವಲ್ಲ. ಸರಕಾರದ ದಾಖಲೆಗಳು ಹೆರಿಗೆಯಲ್ಲಿ ಸತ್ತವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಉರಿ, ತುರಿಕೆ, ಸ್ರಾವ, ನೋವುಗಳನ್ನು ಅನುಭವಿಸುತ್ತಲೇ ಮನೆಗೆಲಸ, ಹೊಲಗೆಲಸಗಳನ್ನು ನಡೆಸಿದವರನ್ನು ತೆಗೆದುಕೊಳ್ಳುವುದಿಲ್ಲ. ಅವರ ಅನುಭವ ಉಳಿದಿರುವುದು ಆಡುಮಾತಿನಲ್ಲಿ ಮಾತ್ರ. ಆದುದರಿಂದ ಈ ಚರಿತ್ರೆಯನ್ನು ಪದಗಳಿಂದಲೇ ಆರಂಭಿಸುವುದು ಉಚಿತ.

ಬಿಳಿಯ ಸ್ರಾವಕ್ಕೆ ಕನ್ನಡದಲ್ಲಿ ಬಿಳಿ ಸೆರಗು, ಬಿಳಿ ಮುಟ್ಟು ಎಂಬ ಮಾತುಗಳಿವೆ. ತೆಲುಗಿನವರು ತೆಲ್ಲಬಟ್ಟ ಎನ್ನುತ್ತಾರೆ. ತಮಿಳಿನಲ್ಲಿ ಅದು ವೆಳ್ಳೈಪಡುದಲ್, ಮಲಯಾಳದಲ್ಲಿ ವೆಳ್ಳಪೋಕ್ಕ್. ಮರಾಠಿಯ ಹೆಂಗಸರು ‘ಅಂಗಾವರೂನ್ ಪಾಂಢರೇ ಜಾಣೇ’, ಅಂದರೆ ಮೈಯಿಂದ ಬಿಳುಪು ಹೋಗುವುದು ಎನ್ನುತ್ತಾರೆ. ಐದು ಭಾಷೆಗಳೂ ಬಣ್ಣವನ್ನು ಹಿಡಿದೇ ಹೆಸರಿಟ್ಟಿವೆ. ಕನ್ನಡದ ಸೆರಗು, ತೆಲುಗಿನ ಬಟ್ಟ ಎಂಬ ಪದಗಳು ಉಟ್ಟ ಬಟ್ಟೆಯನ್ನೂ ನೆನಪಿಗೆ ತರುತ್ತವೆ. ಆದರೆ ಈ ಪದಗಳಲ್ಲಿ ಒಂದು ಸಮಾನ ಕೊರತೆಯಿದೆ. ಬಸಿರಿನಲ್ಲಿ ತಾನಾಗಿ ಹೆಚ್ಚುವ ನಿರಪಾಯದ ಸ್ರಾವಕ್ಕೂ, ಸೋಂಕಿನಿಂದ ಬರುವ, ತುರಿಸುವ, ನಾರುವ ಸ್ರಾವಕ್ಕೂ ಅವು ಬೇರೆ ಬೇರೆ ಹೆಸರು ಕೊಡುವುದಿಲ್ಲ. ಸಹಜ ಯಾವುದು, ರೋಗ ಯಾವುದು ಎಂಬ ಗೆರೆಯೇ ಈ ಆರೋಗ್ಯದ ಕೇಂದ್ರಪ್ರಶ್ನೆ. ವೈದ್ಯಶಾಸ್ತ್ರವು ಆ ಗೆರೆಯನ್ನು ಸ್ಪಷ್ಟವಾಗಿ ಎಳೆಯಲು ಶತಮಾನಗಳೇ ಬೇಕಾದುವು. ಎಳೆದ ಗೆರೆ ಗಡಿನಾಡಿನ ಹೆಂಗಸಿನ ಮಾತಿಗೆ ಇನ್ನೂ ಪೂರ್ತಿಯಾಗಿ ಇಳಿದು ಬಂದಿಲ್ಲ. ಈ ಲೇಖನದ ವಾದ ಇಷ್ಟೇ.

ಗೆರೆಯನ್ನು ಎಳೆಯುವ ಮೊದಲ ಪ್ರಯತ್ನಗಳು ಆಯುರ್ವೇದ ಸಂಹಿತೆಗಳಲ್ಲಿವೆ. ಚರಕಸಂಹಿತೆಯ ಚಿಕಿತ್ಸಾಸ್ಥಾನವು 20 ಯೋನಿವ್ಯಾಪತ್ತುಗಳನ್ನು ಹೇಳುತ್ತದೆ. ಅವುಗಳಲ್ಲಿ ಉಪಪ್ಲುತಾ ಎಂಬುದು ಗರ್ಭಿಣಿಗೇ ಮೀಸಲಾದದ್ದು. ಕಫವನ್ನು ಹೆಚ್ಚಿಸುವ ಆಹಾರ, ವಾಂತಿ ಮತ್ತು ಉಸಿರುಗಳ ತಡೆ ಇವು ಅದರ ಕಾರಣಗಳೆಂದೂ ಚುಚ್ಚುವ ನೋವಿನೊಡನೆ ಪಾಂಡುವರ್ಣದ ಸ್ರಾವ ಅಥವಾ ಬಿಳಿಯ ಕಫದಂಥ ಸ್ರಾವ ಅದರ ಲಕ್ಷಣವೆಂದೂ ಅಲ್ಲಿ ಹೇಳಿದೆ. ಬಸಿರಿನಲ್ಲಿ ಬಿಳಿಯ ಸ್ರಾವವನ್ನು ಪ್ರತ್ಯೇಕವಾಗಿ ಗಮನಿಸಿದ್ದು, ಅದಕ್ಕೆ ನೋವಿನ ಲಕ್ಷಣವನ್ನು ಜೋಡಿಸಿದ್ದು ಗಮನಾರ್ಹ. ಅದೇ ಸಂಹಿತೆಯ ಶಾರೀರಸ್ಥಾನವು ಒಂಬತ್ತನೆಯ ತಿಂಗಳಿನಲ್ಲಿ ಎಣ್ಣೆಯಲ್ಲಿ ನೆನೆಸಿದ ಪಿಚುವನ್ನು ಇಟ್ಟು ಜನನಮಾರ್ಗವನ್ನು ಮೃದುಗೊಳಿಸಬೇಕೆನ್ನುತ್ತದೆ; ಹೆರಿಗೆಗೆ ಮುನ್ನವೇ ಸೂತಿಕಾಗಾರವನ್ನು ಸಿದ್ಧಪಡಿಸಬೇಕೆನ್ನುತ್ತದೆ. ನಮ್ಮ ಇಂದಿನ ಆರೋಗ್ಯಬರಹಗಳ ಶ್ವೇತಪ್ರದರ ಎಂಬ ಪಂಡಿತಪದ ಈ ಪರಂಪರೆಯ ಕೊಡುಗೆ. ಆದರೆ ಮನೆಮಾತಿಗೆ ಇಳಿದದ್ದು ಸಂಹಿತೆಯ ವಿಂಗಡಣೆಯಲ್ಲ. ಬಿಳುಪು ಹೋದರೆ ಧಾತು ಹೋಯಿತು, ಉಷ್ಣವಾಯಿತು, ಶಕ್ತಿ ಸೋರಿತು ಎಂಬ ಸಾಮಾನ್ಯ ನಂಬಿಕೆ. ಹೀಗಾಗಿ ಸಹಜವಾದುದೂ ಭಯಕ್ಕೆ ಕಾರಣವಾಯಿತು, ರೋಗವಾದುದು ಪಥ್ಯದ ಮಾತಾಗಿ ಉಳಿಯಿತು.

ಯುರೋಪಿನ ವೈದ್ಯಶಾಸ್ತ್ರ ಈ ಪ್ರಶ್ನೆಗೆ ಬಂದದ್ದು ಸಾವಿನ ದಾರಿಯಿಂದ. ಸೂತಿಕಾಜ್ವರವು ಹೆರಿಗೆ ಮಾಡಿಸುವವರ ಮೂಲಕ ಹರಡುತ್ತದೆಂದು ಅಬರ್ಡೀನಿನ ಅಲೆಕ್ಸಾಂಡರ್ ಗಾರ್ಡನ್ 1795ರಲ್ಲಿಯೇ ಬರೆದಿದ್ದನು. ಅಮೆರಿಕದ ಆಲಿವರ್ ವೆಂಡೆಲ್ ಹೋಮ್ಸ್ 1843ರಲ್ಲಿ ಅದನ್ನೇ ಪ್ರತಿಪಾದಿಸಿದನು. ವಿಯೆನ್ನಾದ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದುವು: ಒಂದರಲ್ಲಿ ವೈದ್ಯವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. 1846ರಲ್ಲಿ ವಿದ್ಯಾರ್ಥಿಗಳ ವಿಭಾಗದಲ್ಲಿ ಸತ್ತ ತಾಯಂದಿರು ಶೇಕಡಾ 11.4, ಸೂಲಗಿತ್ತಿಯರ ವಿಭಾಗದಲ್ಲಿ ಶೇಕಡಾ 2.8. ಹೆಣ ಕೊಯ್ದ ಕೈಯಿಂದಲೇ ವಿದ್ಯಾರ್ಥಿಗಳು ಬಸುರಿಯರನ್ನು ಪರೀಕ್ಷಿಸುತ್ತಿದ್ದುದೇ ಇದಕ್ಕೆ ಕಾರಣವೆಂದು ಇಗ್ನಾಜ್ ಸೆಮೆಲ್‌ವೈಸ್ ಕಂಡುಕೊಂಡು, 1847ರಲ್ಲಿ ಕ್ಲೋರಿನ್ ಬೆರೆಸಿದ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿದನು. ಮರುವರ್ಷ ಎರಡು ವಿಭಾಗಗಳಲ್ಲಿಯೂ ಸಾವಿನ ಪ್ರಮಾಣ ಶೇಕಡಾ 1.3ರ ಆಸುಪಾಸಿಗೆ ಬಂದಿತು. ಈ ಅಂಕಿಗಳಲ್ಲಿ, ಕಲಿತ ವೈದ್ಯನ ಕೈಗಿಂತ ಸೂಲಗಿತ್ತಿಯ ಕೈ ಸುರಕ್ಷಿತವಾಗಿದ್ದ ಒಂದು ಕಾಲದ ಸಾಕ್ಷ್ಯವಿದೆ. ಭಾರತದ ಪ್ರಸಂಗಕ್ಕೆ ಬಂದಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಕೈಯ ಕೊಳೆ ಗೊತ್ತಾದ ಮೇಲೆ ವೈದ್ಯರು ಮೈಯ ಕೊಳೆಯನ್ನೂ ಹುಡುಕಿದರು. ಹೆರಿಗೆಗೆ ಮುನ್ನ ಯೋನಿಯನ್ನು ಕ್ರಿಮಿನಾಶಕ ದ್ರವಗಳಿಂದ ಒಳಗಿನಿಂದ ತೊಳೆಯುವುದು ಯುರೋಪಿನ ಅನೇಕ ಆಸ್ಪತ್ರೆಗಳಲ್ಲಿ ರೂಢಿಯಾಯಿತು. ಲೈಪ್ಸಿಗ್‌ನ ಆಲ್ಬರ್ಟ್ ಡೋಡರ್‌ಲೈನ್ 1892ರಲ್ಲಿ ಯೋನಿಸ್ರಾವ ಮತ್ತು ಸೂತಿಕಾಜ್ವರದ ಸಂಬಂಧವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ್ದು ಈ ಸಂದರ್ಭದಲ್ಲಿ. ಬಸುರಿಯರ ಸ್ರಾವವನ್ನು ಪರೀಕ್ಷಿಸಿ ಅವನು ಅದನ್ನು ಸಹಜ ಮತ್ತು ವಿಕೃತ ಎಂದು ಎರಡಾಗಿ ವಿಂಗಡಿಸಿದನು. ಸಹಜ ಸ್ರಾವದಲ್ಲಿ ಒಂದು ಬಗೆಯ ಉದ್ದನೆಯ ಬ್ಯಾಕ್ಟೀರಿಯಾಗಳಿದ್ದು, ಅವು ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡಿ ಬೇರೆ ರೋಗಾಣುಗಳನ್ನು ತಡೆಯುತ್ತವೆಂದು ತೋರಿಸಿದನು. ಹಾಲನ್ನು ಮೊಸರಾಗಿಸುವ ಬ್ಯಾಕ್ಟೀರಿಯಾಗಳ ಕುಲಕ್ಕೆ ಸೇರಿದ ಅವುಗಳನ್ನು ಇಂದು ಲ್ಯಾಕ್ಟೋಬ್ಯಾಸಿಲಸ್ ಎನ್ನುತ್ತೇವೆ. 1897ರಲ್ಲಿ ಕಾರ್ಲ್ ಮೆಂಗೆ ಮತ್ತು ಬರ್ನ್‌ಹಾರ್ಡ್ ಕ್ರೋನಿಗ್ ತಮ್ಮ ಗ್ರಂಥದಲ್ಲಿ ಬಸುರಿಯ ಯೋನಿ ತನ್ನನ್ನು ತಾನೇ ಶುದ್ಧಗೊಳಿಸಿಕೊಳ್ಳುವ ಬಗೆಯನ್ನು ವಿವರಿಸಿದರು. ಒಳಗಿನಿಂದ ತೊಳೆಯುವುದು ಆ ಕೆಲಸಕ್ಕೆ ನೆರವಲ್ಲ, ಅಡ್ಡಿ ಎಂಬುದು ಕ್ರೋನಿಗ್‌ನ ಪ್ರಯೋಗಗಳ ಫಲಿತಾಂಶವಾಗಿತ್ತು. ಹೀಗೆ ಐವತ್ತು ವರ್ಷಗಳೊಳಗೆ ಎರಡು ತಿಳಿವುಗಳು ಸೇರಿದುವು: ಅಪಾಯ ಬರುವುದು ಬಹುಮಟ್ಟಿಗೆ ಹೊರಗಿನ ಕೈ, ಬಟ್ಟೆ, ಸಾಧನಗಳಿಂದ, ಒಳಗಿನ ಸ್ರಾವ ಮೈಲಿಗೆಯಲ್ಲ, ಕಾವಲು.

ಈ ಕಾವಲು ಬಸಿರು, ಬಾಣಂತನ, ಹಾಲೂಡಿಕೆಗಳಲ್ಲಿ ಒಂದೇ ಸಮನಾಗಿರುವುದಿಲ್ಲ. ಬಸಿರಿನಲ್ಲಿ ಈಸ್ಟ್ರೋಜೆನ್ ಹೆಚ್ಚುತ್ತದೆ. ಯೋನಿಯ ಒಳಪದರದಲ್ಲಿ ಗ್ಲೈಕೋಜೆನ್ ಸಂಗ್ರಹವಾಗಿ ಲ್ಯಾಕ್ಟೋಬ್ಯಾಸಿಲಸ್‌ಗಳು ಬೆಳೆಯುತ್ತವೆ. ಆಮ್ಲೀಯತೆಯ ಅಳತೆ ಸಾಮಾನ್ಯವಾಗಿ 3.8ರಿಂದ 4.5ರ ಒಳಗೆ ಇರುತ್ತದೆ. ತೆಳುವಾದ, ಬೆಳ್ಳಗಿನ, ದುರ್ವಾಸನೆಯಿಲ್ಲದ ಸ್ರಾವ ಹೆಚ್ಚುವುದು ಇದರ ಸಹಜ ಫಲ. ಅದೇ ಬದಲಾವಣೆಗಳು ಕ್ಯಾಂಡಿಡಾ ಎಂಬ ಶಿಲೀಂಧ್ರಕ್ಕೂ ಅನುಕೂಲವಾಗುವುದರಿಂದ ಮೊಸರಿನ ಗಡ್ಡೆಯಂತಹ, ತುರಿಸುವ ಸ್ರಾವವೂ ಬಸಿರಿನಲ್ಲಿ ಹೆಚ್ಚಾಗಿ ಕಾಣಿಸುತ್ತದೆ; ಅದಕ್ಕೆ ಚಿಕಿತ್ಸೆ ಬೇಕು. ಹೆರಿಗೆಯ ಬಳಿಕದ ಸ್ರಾವ ಮೊದಲು ಕೆಂಪಾಗಿದ್ದು, ಅನಂತರ ಕಂದಾಗಿ, ಕೊನೆಗೆ ಹಳದಿ ಬೆರೆತ ಬಿಳುಪಾಗಿ ನಾಲ್ಕಾರು ವಾರಗಳಲ್ಲಿ ನಿಲ್ಲುತ್ತದೆ. ಅದು ನಾರಿದರೆ, ಜ್ವರ ಬಂದರೆ, ರಕ್ತ ಮತ್ತೆ ಹೆಚ್ಚಿದರೆ ತಡಮಾಡುವಂತಿಲ್ಲ. ಹಿಂದಿನವರು ಸೂತಿಕಾಜ್ವರವೆಂದದ್ದು ಆರಂಭವಾಗುವುದು ಹೀಗೆಯೇ. ಹಾಲೂಡಿಸುವ ತಿಂಗಳುಗಳ ಸ್ಥಿತಿ ಬಸಿರಿಗೆ ವಿರುದ್ಧವಾದದ್ದು. ಪ್ರೋಲ್ಯಾಕ್ಟಿನ್ ಅಂಡಾಶಯದ ಕೆಲಸವನ್ನು ತಗ್ಗಿಸುವುದರಿಂದ ಈಸ್ಟ್ರೋಜೆನ್ ಇಳಿದು ಯೋನಿಯ ಒಳಪದರ ತೆಳುವಾಗುತ್ತದೆ, ಒಣಗುತ್ತದೆ; ಕೂಡುವಾಗ ನೋವಾಗುತ್ತದೆ. ಇದು ರೋಗವಲ್ಲ, ಹಾಲೂಡಿಸುವುದು ಕಡಿಮೆಯಾದಂತೆ ಸರಿಹೋಗುವಂಥದು. ಬಿಳುಪು ಹೋಗುವುದಕ್ಕೆ ನಮ್ಮ ಐದು ಭಾಷೆಗಳಲ್ಲಿ ಮಾತುಂಟು; ಈ ಒಣಗುವಿಕೆಗೆ ಬಳಕೆಯ ಹೆಸರೇ ಇಲ್ಲ. ಹೆಸರಿಲ್ಲದ ನೋವನ್ನು ಗಂಡನಿಗೂ ಅತ್ತೆಗೂ ವೈದ್ಯರಿಗೂ ಹೇಳುವುದು ಸುಲಭವಲ್ಲ.

ಡೋಡರ್‌ಲೈನ್‌ನ ಗ್ರಂಥ ಪ್ರಕಟವಾದ ಕಾಲಕ್ಕೆ ನಮ್ಮ ಅಧ್ಯಯನದ ಪ್ರದೇಶ ಐದು ಬಗೆಯ ಆಡಳಿತಗಳಲ್ಲಿ ಹಂಚಿಹೋಗಿತ್ತು. ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು, ಮಲಬಾರಿನ ವಯನಾಡು, ಸೇಲಂ ಜಿಲ್ಲೆಯ ಹೊಸೂರು, ಬಳ್ಳಾರಿ ಜಿಲ್ಲೆಯ ಆದೋನಿ ಮತ್ತು ರಾಯದುರ್ಗ, ಅನಂತಪುರ ಜಿಲ್ಲೆಯ ಮಡಕಶಿರ ಇವು ಮದರಾಸು ಪ್ರಾಂತಕ್ಕೆ ಸೇರಿದ್ದುವು. ಸೊಲ್ಲಾಪುರ ಮುಂಬಯಿ ಪ್ರಾಂತದಲ್ಲಿತ್ತು, ಅಕ್ಕಲಕೋಟೆ ಮತ್ತು ಜತ್ತ ಸಂಸ್ಥಾನಗಳಾಗಿದ್ದುವು, ನಾರಾಯಣಪೇಟೆಯ ಸೀಮೆ ನಿಜಾಮನದು, ಗೋವಾ ಪೋರ್ತುಗೀಸರದು. ಮದರಾಸಿನಲ್ಲಿ 1844ರಲ್ಲಿ ಹೆರಿಗೆ ಆಸ್ಪತ್ರೆ ಸ್ಥಾಪಿತವಾಗಿತ್ತು. ಗೋವಾದಲ್ಲಿ 1842ರಿಂದ ವೈದ್ಯಶಾಲೆಯಿತ್ತು. ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ ದೊರೆಯಬೇಕೆಂಬ ಉದ್ದೇಶದಿಂದ 1885ರಲ್ಲಿ ಡಫರಿನ್ ನಿಧಿ ಏರ್ಪಟ್ಟಿತು. ಸೊಲ್ಲಾಪುರದಲ್ಲಿ ಆ ಹೆಸರು ಇಂದಿಗೂ ಒಂದು ಚೌಕದ ಹೆಸರಾಗಿ ಉಳಿದಿದೆ. ಆದರೆ ಇವೆಲ್ಲವೂ ಪಟ್ಟಣದ ಸಂಸ್ಥೆಗಳು. ಹಳ್ಳಿಯ ಹೆರಿಗೆ ನಡೆದದ್ದು ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಆಕೆ ಆದೋನಿಯ ಕಡೆ ಮಂತ್ರಸಾನಿ, ಹೊಸೂರಿನ ಕಡೆ ಮರುತ್ತುವಚ್ಚಿ, ವಯನಾಡಿನಲ್ಲಿ ವಯಟ್ಟಾಟ್ಟಿ, ಸೊಲ್ಲಾಪುರದಲ್ಲಿ ಸುಈಣ. ಸರಕಾರದ ಕಡತಗಳಲ್ಲಿ ಇವರೆಲ್ಲರಿಗೂ ಒಂದೇ ಹೆಸರು: ದಾಯಿ.

ಆ ಕಡತಗಳು ದಾಯಿಯನ್ನು ನೋಡಿದ್ದು ಅಪರಾಧಿಯಂತೆ. ದಾಯಿಯರ ತರಬೇತಿಗೆಂದು 1903ರಲ್ಲಿ ಆರಂಭವಾದ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿಯು 1918ರಲ್ಲಿ ಭಾರತದ ಹೆರಿಗೆಯ ಸ್ಥಿತಿಗತಿಗಳ ಸುಧಾರಣೆಯನ್ನು ಕುರಿತ ಸಂಪುಟವನ್ನು ಹೊರತಂದಿತು. ಕೊಳಕು ಕೈ, ಹಳೆಯ ಚಿಂದಿ, ಗಾಳಿಯಾಡದ ಕೋಣೆ ಈ ಬಗೆಯ ಬರಹಗಳ ಮರುಕಳಿಸುವ ಚಿತ್ರಗಳು. 1927ರಲ್ಲಿ ಕ್ಯಾಥರೀನ್ ಮೇಯೋ ಅದೇ ಚಿತ್ರವನ್ನು ಇಡೀ ನಾಡನ್ನು ಹೀಗಳೆಯುವುದಕ್ಕೆ ಬಳಸಿಕೊಂಡಳು. ಈ ವರದಿಗಳಲ್ಲಿ ಸತ್ಯಾಂಶವಿಲ್ಲವೆಂದಲ್ಲ. ತೊಳೆಯದ ಕೈಯಿಂದ ಒಳಪರೀಕ್ಷೆ ಮಾಡುವುದು ವಿಯೆನ್ನಾದಲ್ಲಿ ಕೊಂದಂತೆ ಇಲ್ಲಿಯೂ ಕೊಂದಿತು. ಆದರೆ ವಿಯೆನ್ನಾದಲ್ಲಿ ಅದೇ ತಪ್ಪು ಮಾಡಿದವರು ಪ್ರಾಧ್ಯಾಪಕರು ಎಂಬುದು ಈ ಬರಹಗಳಲ್ಲಿ ಮರೆಯಾಯಿತು. 1926ರ ಮದರಾಸು ದಾದಿಯರ ಮತ್ತು ಸೂಲಗಿತ್ತಿಯರ ಕಾಯಿದೆಯು ನೋಂದಣಿಯ ವ್ಯವಸ್ಥೆಯನ್ನು ತಂದಿತು. ನೋಂದಣಿಯ ಹೊರಗೆ ಉಳಿದ ಹಳ್ಳಿಯ ಸೂಲಗಿತ್ತಿಯ ಅನುಭವಜ್ಞಾನ ಮಾತ್ರ ಎಲ್ಲಿಯೂ ದಾಖಲಾಗಲಿಲ್ಲ. ಸೂತಿಕಾಜ್ವರದ ಸಾವು ನಿಜವಾಗಿ ಕುಸಿದದ್ದು 1935ರ ಅನಂತರ, ಲಂಡನ್ನಿನ ಕ್ವೀನ್ ಷಾರ್ಲಟ್ ಆಸ್ಪತ್ರೆಯಲ್ಲಿ ಲೆನರ್ಡ್ ಕೋಲ್‌ಬ್ರೂಕ್ ಪ್ರೊಂಟೋಸಿಲ್ ಎಂಬ ಸಲ್ಫಾ ಮದ್ದನ್ನು ಪ್ರಯೋಗಿಸಿ ಯಶಸ್ಸು ಕಂಡ ಮೇಲೆ.

ಹಾಗಾದರೆ ಪುರುಡಿನ ಕೋಣೆಯ ಆಚರಣೆಗಳನ್ನು ನಾವು ಹೇಗೆ ನೋಡಬೇಕು? ಒಟ್ಟಾಗಿ ಹೊಗಳುವುದೂ ಒಟ್ಟಾಗಿ ತೆಗಳುವುದೂ ಚರಿತ್ರಕಾರನ ಕೆಲಸವಲ್ಲ. ಕಾಸರಗೋಡಿನ ಮನೆಗಳ ಬಿಸಿನೀರಿನ ಮೀಹ, ಸೊಲ್ಲಾಪುರ ಸೀಮೆಯ ಶೇಗಡಿಯ ಕಾವು ಮತ್ತು ಅಳವಿ, ಅಂಟಿನುಂಡೆಗಳ ಆರೈಕೆ ಇವು ಬಾಣಂತಿಗೆ ವಿಶ್ರಾಂತಿಯನ್ನೂ ಆಹಾರವನ್ನೂ ಹಕ್ಕಾಗಿ ಕೊಟ್ಟುವು; ಸೊಸೆಯ ಬದುಕಿನಲ್ಲಿ ಹಾಗೆ ದೊರೆಯುವ ದಿನಗಳು ವಿರಳ. ತವರಿನ ಬಾಣಂತನವು ಗಂಡನಿಂದ ಕೆಲವು ತಿಂಗಳು ದೂರವಿರುವ ಅವಕಾಶವಾಗಿ, ಹರಿದ ಗಾಯ ಮಾಯುವುದಕ್ಕೆ ನೆರವಾಯಿತು. ಕರಾವಳಿಯಲ್ಲಿ ಅಮೆ ಕಳೆಯುವ ದಿನ ಮಡಿವಾಳರು ತಂದುಕೊಡುತ್ತಿದ್ದ ಮಡಿಬಟ್ಟೆಯಲ್ಲಿ, ಜಾತಿಯ ಕಟ್ಟಳೆಯ ಒಳಗಾದರೂ, ಒಗೆದು ಬಿಸಿಲಿಗೆ ಹಾಕಿದ ಬಟ್ಟೆಯ ಸುರಕ್ಷತೆಯಿತ್ತು. ಮತ್ತೊಂದು ಕಡೆ, ಸ್ರಾವದ ಬಟ್ಟೆಯನ್ನು ಯಾರ ಕಣ್ಣಿಗೂ ಬೀಳದಂತೆ ಕತ್ತಲೆಯ ಮೂಲೆಯಲ್ಲಿ ಒಣಗಿಸುವ ನಾಚಿಕೆ ಸೋಂಕನ್ನು ಸಾಕಿತು. ರಾಯದುರ್ಗ, ಮಡಕಶಿರಗಳಿಗೆ ತಾಗಿಕೊಂಡಿರುವ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನು ಊರ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ನಮ್ಮ ಕಾಲಕ್ಕೂ ಉಳಿದುಬಂದಿದೆ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನಲ್ಲಿ ಅಂಥ ಗುಡಿಸಲಿನಲ್ಲಿದ್ದ ಹಸುಗೂಸು ಸತ್ತುಹೋಯಿತು. ಮೈಲಿಗೆಯ ಭಾವನೆ ಒಂದೇ ಆದರೂ ಅದು ಒಂದೆಡೆ ಆರೈಕೆಯಾಗಿಯೂ ಇನ್ನೊಂದೆಡೆ ಬಹಿಷ್ಕಾರವಾಗಿಯೂ ಕೆಲಸ ಮಾಡಿದೆ.

ಸೂಲಗಿತ್ತಿಯ ಜ್ಞಾನಕ್ಕೆ ತಡವಾಗಿಯಾದರೂ ದೊರೆತ ಮನ್ನಣೆಗೆ ಒಂದು ನಿದರ್ಶನ ಗಡಿಯ ಪಕ್ಕದಲ್ಲಿಯೇ ಇದೆ. ಬಹುತೇಕ ಆಂಧ್ರದ ನೆಲದಿಂದ ಸುತ್ತುವರಿದ, ಮಡಕಶಿರದ ನೆರೆಯ ಪಾವಗಡ ತಾಲ್ಲೂಕಿನ ನರಸಮ್ಮನವರು ಅಜ್ಜಿಯಿಂದ ಈ ವಿದ್ಯೆಯನ್ನು ಕಲಿತರು. ಸಂಬಳವಿಲ್ಲದೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಅವರ ಹೆಸರಿನೊಡನೆ ಹೇಳಲಾಗುತ್ತದೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಸಂಖ್ಯೆಯನ್ನು ನಾವು ಕೊಂಡಾಡಿದೆವು. ಅಷ್ಟು ಹೆಂಗಸರು ಅವರೊಡನೆ ಏನೇನು ಹೇಳಿಕೊಂಡರು, ಯಾವ ಮಾತಿನಲ್ಲಿ ಹೇಳಿಕೊಂಡರು, ಯಾವುದನ್ನು ಅವರು ಸಹಜವೆಂದು ಸಮಾಧಾನಪಡಿಸಿ ಯಾವುದನ್ನು ಆಸ್ಪತ್ರೆಗೆ ಕಳುಹಿಸಿದರು ಎಂಬುದು ನಮಗೆ ಬೇಕಾಗಿದ್ದ ದಾಖಲೆ.

1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದುವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳದ್ದಾಯಿತು. ರಾಜ್ಯಗಳು ಭಾಷೆಯ ಆಧಾರದ ಮೇಲೆ ರೂಪುಗೊಂಡಾಗ ಅಲ್ಪಸಂಖ್ಯಾತರ ಭಾಷೆಗೆ ಸಂವಿಧಾನ ಕೆಲವು ರಕ್ಷಣೆಗಳನ್ನಿತ್ತಿತು. 350ನೆಯ ಅನುಚ್ಛೇದದ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಅಹವಾಲನ್ನು ಸಲ್ಲಿಸಬಹುದು. 350-ಎ ಪ್ರಾಥಮಿಕ ಶಿಕ್ಷಣದಲ್ಲಿ ಮಾತೃಭಾಷೆಯ ಸೌಲಭ್ಯವನ್ನು ಹೇಳುತ್ತದೆ. ಕಚೇರಿಗೆ ಬರೆಯುವ ಅರ್ಜಿಗೆ ಭಾಷೆಯ ರಕ್ಷಣೆಯುಂಟು, ಮಗುವಿನ ಪಾಠಕ್ಕುಂಟು. ಆರೋಗ್ಯ ಕೇಂದ್ರದ ಪರದೆಯ ಹಿಂದೆ ಬಸುರಿ ತನ್ನ ಒಳಗಿನ ನೋವನ್ನು ಹೇಳುವ ಗಳಿಗೆಗೆ ಸಂವಿಧಾನದಲ್ಲಿ ಇಂಥ ಪ್ರತ್ಯೇಕ ಮಾತಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ ಎರಡು ಮೂರು ಭಾಷೆಗಳನ್ನು ಸಲೀಸಾಗಿ ಆಡುವ ಗಡಿನಾಡಿನ ಹೆಂಗಸು ಈ ವಿಷಯಕ್ಕೆ ಬಂದಾಗ ಮನೆಮಾತಿಗೆ ಹಿಂದಿರುಗುತ್ತಾಳೆ. ಏಕೆಂದರೆ ಮೈಯ ಗುಟ್ಟಿನ ಪದಗಳನ್ನು ಆಕೆ ಕಲಿತದ್ದು ತಾಯಿಯಿಂದ, ಅಕ್ಕನಿಂದ, ಸಂತೆಯಿಂದಲ್ಲ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಗಡಿಯಾಚೆ ಉಳಿದುದರಿಂದಲೇ ಕನ್ನಡತಿಯ ಬಾಣಂತನ ಕೆಟ್ಟಿತೆಂದು ದೂರುವುದಕ್ಕೆ ಅಂಕಿಅಂಶಗಳ ಆಧಾರವಿಲ್ಲ. 2018–20ರ ಮಾದರಿ ನೋಂದಣಿ ವ್ಯವಸ್ಥೆಯ ಲೆಕ್ಕದಂತೆ 1 ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು ಕೇರಳದಲ್ಲಿ 19, ಮಹಾರಾಷ್ಟ್ರದಲ್ಲಿ 33, ತೆಲಂಗಾಣದಲ್ಲಿ 43, ಆಂಧ್ರಪ್ರದೇಶದಲ್ಲಿ 45, ತಮಿಳುನಾಡಿನಲ್ಲಿ 54, ಕರ್ನಾಟಕದಲ್ಲಿ 69. ಇವು ಇಡೀ ರಾಜ್ಯಗಳ ಸರಾಸರಿಗಳು, ಗಡಿ ತಾಲ್ಲೂಕುಗಳವಲ್ಲ. ಆದರೂ ಸಾವಿನ ಅಳತೆಯಲ್ಲಿ ನೆರೆಯ ಐದು ರಾಜ್ಯಗಳೂ ನಮಗಿಂತ ಮುಂದಿವೆ. ಆದುದರಿಂದ ಭಾಷೆಯ ಪ್ರಶ್ನೆಯನ್ನು ಕೇಳಬೇಕಾದದ್ದು ಸಾವಿನ ಅಂಕಿಗಳಲ್ಲಲ್ಲ, ಸಾಯದೆ ಉಳಿದವರ ಅಸ್ವಾಸ್ಥ್ಯದಲ್ಲಿ.

ಆ ಅಸ್ವಾಸ್ಥ್ಯದ ಆಳವನ್ನು ತೋರಿದ ಎರಡು ಅಧ್ಯಯನಗಳು ನಮ್ಮ ನೆರೆಯಲ್ಲಿಯೇ ನಡೆದಿವೆ. ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ ರಾಣಿ ಬಂಗ್ ಮತ್ತು ಸಂಗಡಿಗರು 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ವರದಿಯಂತೆ, ತೊಂದರೆಯಿದೆಯೆಂದು ಹೇಳಿಕೊಂಡವರು ಶೇಕಡಾ 55. ಪರೀಕ್ಷೆಯಲ್ಲಿ ಒಂದಲ್ಲ ಒಂದು ಸ್ತ್ರೀರೋಗ ಕಂಡುಬಂದವರು ಶೇಕಡಾ 92. ಅದಕ್ಕೆ ಮುನ್ನ ಎಂದಾದರೂ ಪರೀಕ್ಷೆಗೊಳಗಾದವರು ಶೇಕಡಾ 8 ಮಾತ್ರ. ರೋಗವಿದ್ದರೂ ಹೇಳದವರು ಎಷ್ಟೋ ಮಂದಿ. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಈ ಶತಮಾನದ ಆರಂಭದಲ್ಲಿ ನಡೆಸಿದ ಅಧ್ಯಯನವು ಇದರ ಇನ್ನೊಂದು ಮಗ್ಗುಲನ್ನು ತೋರಿಸಿತು: ಬಿಳಿಯ ಸ್ರಾವದ ದೂರಿಗೆ ಸೋಂಕಿಗಿಂತ ಮನಸ್ಸಿನ ಬೇಗುದಿಯ ನಂಟು ಗಾಢವಾಗಿತ್ತು. ಹೇಳಿದವರಲ್ಲಿ ಅನೇಕರು ಹೇಳುತ್ತಿದ್ದುದು ಯೋನಿಯ ರೋಗವನ್ನಲ್ಲ. ದಣಿವನ್ನು, ದುಃಖವನ್ನು, ಮನೆಯ ಹಿಂಸೆಯನ್ನು. ಬಿಳಿ ಸೆರಗು ಎಂಬ ಒಂದೇ ಮಾತಿನೊಳಗೆ ಸಹಜ ಸ್ರಾವ, ಸೋಂಕು, ಸಂಕಟ ಮೂರೂ ಇವೆ. ಕೇಳುವವರು ಆ ಮಾತನ್ನು ತಮ್ಮ ಭಾಷೆಯ ಇನ್ನೊಂದು ಬಿಳುಪಿನ ಮಾತಿಗೆ ಅನುವಾದಿಸಿಕೊಂಡು ಮಾತ್ರೆ ಬರೆದುಕೊಟ್ಟರೆ ಮೂರರಲ್ಲಿ ಎರಡು ಕಳೆದುಹೋಗುತ್ತವೆ.

ಈ ಚರಿತ್ರೆಯಿಂದ ನಮ್ಮ ಬಗೆಯ ಅಧ್ಯಯನ ಕೇಂದ್ರಗಳಿಗೆ ಒಂದು ಕೆಲಸ ಒದಗುತ್ತದೆ. ಜತ್ತ, ಮಡಕಶಿರ, ತಾಳವಾಡಿ, ಮಂಜೇಶ್ವರಗಳ ಹಿರಿಯ ಹೆಂಗಸರಿಂದ, ಉಳಿದಿರುವ ಸೂಲಗಿತ್ತಿಯರಿಂದ, ಆಶಾ ಕಾರ್ಯಕರ್ತೆಯರಿಂದ ಬಸಿರು-ಬಾಣಂತನಗಳ ಒಳಮಾತುಗಳನ್ನು ಸಂಗ್ರಹಿಸಬೇಕು. ಪ್ರತಿಯೊಂದು ಪದವೂ ಯಾವ ಬಣ್ಣ, ಯಾವ ವಾಸನೆ, ಯಾವ ನೋವನ್ನು ಹೇಳುತ್ತದೆ, ಬಸಿರಿನ ಯಾವ ತಿಂಗಳಿಗೆ ಅಥವಾ ಬಾಣಂತನದ ಯಾವ ವಾರಕ್ಕೆ ಸಲ್ಲುತ್ತದೆ ಎಂಬುದನ್ನು ಸ್ತ್ರೀರೋಗತಜ್ಞರ ನೆರವಿನಿಂದ ಗುರುತಿಸಿ, ಮಲಯಾಳ, ತಮಿಳು, ತೆಲುಗು, ಮರಾಠಿ, ಕೊಂಕಣಿ ಸಮಾನಪದಗಳೊಡನೆ ಒಂದು ಚಿಕ್ಕ ಕೋಶವನ್ನು ಸಿದ್ಧಪಡಿಸಬೇಕು. ಅದನ್ನು ಓದಬೇಕಾದವರು ನಾವಲ್ಲ. ಗಡಿ ತಾಲ್ಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳ ದಾದಿಯರು. ಹಾಲೂಡಿಸುವ ತಾಯಿಯ ಒಣಗುವಿಕೆಗೆ ಯಾವುದಾದರೊಂದು ಹಟ್ಟಿಯಲ್ಲೋ ಕೇರಿಯಲ್ಲೋ ಹೆಂಗಸರು ತಮ್ಮೊಳಗೇ ಆಡಿಕೊಳ್ಳುವ ಹೆಸರೊಂದು ಇದ್ದರೆ, ಆ ಕೋಶದಲ್ಲಿ ಅದು ಮೊದಲು ಸೇರಬೇಕು.